ನೇರಳೆ ಕಾಗೆಬಂಗಾರ

ಜೀಪು ಹಿಂದಿನಿಂದ ಗುದ್ದಿತು.

ಒಂದಲ್ಲ... ಎರಡು ಸಲ!

ಮೊದಲ ಗುದ್ದಿಗೆ ನನ್ನ ಸ್ಕೂಟರ್ ಓಲಾಡಿತು. ಎರಡನೆಯದಕ್ಕೆ ಸ್ಕೂಟರ್ ಒಂದು ದಿಕ್ಕು, ನಾನೊಂದು ದಿಕ್ಕು. ಶಹಾಪುರ ಶಾಖಾ ಕಾಲುವೆಯ ಏರಿ ಮೇಲಿನ ದಾರಿ ನೀವು ನೋಡಿದ್ದೀರಲ್ಲ? ಬಲಕ್ಕೆ ಬಿದ್ದರೆ ಭತ್ತದ ಗದ್ದೆ. ಎಡಕ್ಕೆ ಬಿದ್ದರೆ ಆಳುದ್ದ ನೀರು.

ನಾನು ಎಡಕ್ಕೆ ಬಿದ್ದೆ.

ಮಾರ್ಚ್ ತಿಂಗಳ ಶನಿವಾರ, ಬೆಳಗಿನ ಎಂಟು ಗಂಟೆ. ಬೇಸಿಗೆ ಬೆಳೆಗೆ ಬಿಟ್ಟ ನೀರು ತುಂಬಿ ಹರಿಯುತ್ತಿತ್ತು. ಎರಡೂ ಬದಿಗೆ ಸಿಮೆಂಟಿನ ಇಳಿಜಾರು. ಅದರ ಮೇಲೆ ಪಾಚಿ. ಕೈಯಿಟ್ಟರೆ ಸೋಪು! ಈ ಕಾಲುವೆಯಲ್ಲಿ ಸತ್ತವರೆಲ್ಲ ಈಜು ಬಾರದವರಲ್ಲ. ಮೇಲೆ ಹತ್ತಲಾಗದೆ, ಕೈಸೋತು ಸತ್ತವರೇ ಹೆಚ್ಚು.

ಮೇಲೆ ಜೀಪು ನಿಂತಿತು. ದಪ್ಪ ಮೀಸೆಯವನೊಬ್ಬ ಕಿಟಕಿಯಿಂದ ತಲೆ ಹಾಕಿದ.

"ಏ ಮುದುಕಿ! ನೀರು ತಂಪದಾವೇನು?"

ಮುದುಕಿ! ನಲವತ್ತೆಂಟು ವರ್ಷದವಳಿಗೆ! ತಳ್ಳಿದ್ದಕ್ಕಿಂತ ಆ ಮಾತಿಗೇ ನನಗೆ ಸಿಟ್ಟು ಬಂತು.

ನಾನು ಮದೀನಾಬೀ. ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿ, ಸಾಕೆನಿಸಿ ಬಿಟ್ಟು, ಈಗ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಕೂತವಳು. ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ನಮ್ಮಪ್ಪ ಭೀಮಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ. ನಡೆಯುವುದಕ್ಕಿಂತ ಮೊದಲು ನಾನು ಈಜು ಕಲಿತೆ ಅಂತ ನಮ್ಮವ್ವ ಹೇಳುತ್ತಿದ್ದಳು. ಕೊಲ್ಲುವ ಮೊದಲು ಇಷ್ಟಾದರೂ ವಿಚಾರಿಸಿಕೊಂಡು ಬರಬಾರದೇ? ಗೂಂಡಾಗಿರಿಯಲ್ಲೂ ಸೋಮಾರಿತನ!

ಎರಡು ಸಲ ಕೈ ಬಡಿದೆ. ಮುಳುಗಿದೆ. ಮತ್ತೆ ಮೇಲೆ ಬರಲಿಲ್ಲ.

ಅವನಿಗೆ ಅಷ್ಟೇ ಸಾಕಾಯಿತು. ಜೀಪು ಹೋದ ಸದ್ದು ನೀರಿನೊಳಗೂ ಕೇಳಿಸಿತು.

ಸೆಳೆತಕ್ಕೆ ಮೈಬಿಟ್ಟು, ಮೂಗಷ್ಟೇ ಮೇಲಿಟ್ಟು ತೇಲಿದೆ. ಅರ್ಧ ಮೈಲಿ ಕೆಳಗೆ ಹೆಂಗಸರು ಬಟ್ಟೆ ಒಗೆಯುವ ಮೆಟ್ಟಿಲಿದೆ. ಅಲ್ಲಿ ನಾಲ್ಕು ಜನ ಸೇರಿ ನನ್ನನ್ನು ನೆನೆದ ಕೌದಿ ಎಳೆದಂತೆ ಎಳೆದು ಹಾಕಿದರು.

"ಯವ್ವಾ... ಆಪಾ, ನಿಮ್ಮ ಓಢಣಿಗಿ ಏನಾಗ್ಯದ್ರಿ?" ಒಬ್ಬಾಕೆ ಕೇಳಿದಳು.

ನೋಡಿದೆ.

ಬಿಳೀ ಓಢಣಿ. ಅದರ ಗಂಟಿನಲ್ಲಿ ಒಂದು ಕಲ್ಲು ಕಟ್ಟಿದ್ದೆ. ಗಂಟಿನ ಸುತ್ತ ಅಂಗೈಯಗಲ ನೇರಳೆ ಬಣ್ಣ ಇಳಿದಿತ್ತು!

ಗಂಟು ಬಿಚ್ಚಿದೆ. ನೇರಳೆ ಕಲ್ಲು ಕಟ್ಟಿದ್ದೆ... ಬೆಳ್ಳಿಬಿಳುಪಿನ ಕಲ್ಲು ಹೊರಗೆ ಬಂತು.

ನಕ್ಕುಬಿಟ್ಟೆ. ಹೆಂಗಸರು ಈಕೆಗೆ ನೀರು ತಲೆಗೇರಿದೆ ಅಂದುಕೊಂಡರು.

ಈ ಕಲ್ಲಿನ ಕತೆ ಮೊದಲು ಹೇಳಿಬಿಡುತ್ತೇನೆ.

ಗುರುವಾರ ಸುಂದ್ರಮ್ಮ ನನ್ನ ಕೋಣೆಗೆ ಬಂದಿದ್ದಳು. ವನದುರ್ಗದ ಆಚೆ, ಗುಡ್ಡದ ಬುಡದಲ್ಲಿ ಹನ್ನೊಂದು ಮನೆಗಳ ಒಂದು ಓಣಿಯಿದೆ. ಆಕೆ ಅಲ್ಲಿನವಳು. ಹತ್ತಿರದ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ಕೂತವಳೇ ಸೀದಾ ವಿಷಯಕ್ಕೆ ಬಂದಳು.

"ನಮ್ಮಣ್ಣ ಹುಲಗಪ್ಪ ನಾಕು ದಿನದಿಂದ ಕಾಣವಲ್ಲ ಆಪಾ. ಗುಡ್ಡದಾಗ ಕಂಪನಿ ಕೆಲಸಕ್ಕ ಹೋಗ್ತಿದ್ದ. ಕೇಳಿದ್ರ, ಕಲ್ಲು ಕದ್ದು ಓಡಿಹೋಗ್ಯಾನ ಅಂತಾರ."

"ಕದ್ದಾನೇನು?"

"ನಮ್ಮಣ್ಣ ಕುಡಿತಾನ. ಸುಳ್ಳು ಹೇಳ್ತಾನ. ಆದ್ರ ಅಂಗಿ ಬಿಟ್ಟು ಯಾರರ ಓಡಿಹೋಗ್ತಾರೇನ್ರಿ? ಅಂಗಿ ಗೂಟಕ್ಕ ಹಂಗೇ ಅದ. ಕಿಸೆದಾಗ ಇದು ಸಿಕ್ತು."

ಮೇಜಿನ ಮೇಲೆ ಕಲ್ಲಿಟ್ಟಳು. ಅಂಗೈಯಷ್ಟು. ಪದರ ಪದರ. ನೇರಳೆಹಣ್ಣು ಹಾಲಲ್ಲಿ ಕಿವುಚಿದಂಥ ಬಣ್ಣ. ಮಿನುಗುತ್ತಿತ್ತು.

"ಕಾಗೆಬಂಗಾರ!" ಅಂದೆ. "ಸಣ್ಣಾಕಿ ಇದ್ದಾಗ ಉಡಿ ತುಂಬ ಆರಿಸೇನಿ. ಆದ್ರ ಅದು ಬೆಳ್ಳಗ ಇರ್ತದ."

"ಇದು ಅದರ ಜಾತಿನೇ, ಆದ್ರ ಭಾಳ ಅಪರೂಪದ್ದು ಅಂತಾರ್ರಿ. ಲೆಪಿಡೊಲೈಟ್. ಇದರಾಗ ಲಿಥಿಯಂ ಇರ್ತದ. ಮೊಬೈಲು, ಬ್ಯಾಟರಿ ಕಾರು, ಎಲ್ಲಾದಕ್ಕೂ ಬೇಕು. ಭೂಮಿ ಒಳಗ ಕರಗಿದ ಕಲ್ಲು ಆರಿ ಗಟ್ಟಿಯಾಗುವಾಗ, ಕಡೀಗಿ ಉಳಿದ ರಸ ಬಿರುಕಿನಾಗ ಹೊಕ್ಕು ದೊಡ್ಡ ದೊಡ್ಡ ಹರಳಾಗ್ತದ. ಅಂಥಾ ಪಟ್ಟಿಯೊಳಗ ಮಾತ್ರ ಇದು ಸಿಗೋದು. ಅದೂ ಎಲ್ಲಾ ಪಟ್ಟಿಯೊಳಗ ಅಲ್ಲ."

"ಖರೇದೋ ಸುಳ್ಳೋ ಹ್ಯಾಂಗ ಗೊತ್ತಾಗ್ತದ?"

"ಮೆತ್ತಗಿರ್ತದ. ಚಾಕುವಿನಿಂದ ಹಗೂರಕ ಎಬ್ಬಿಸಿದ್ರ ಹಾಳಿ ಹಾಳಿ ಬರ್ತದ. ಹಾಳಿ ಬಗ್ಗಿಸಿ ಬಿಟ್ರ ಮತ್ತ ನೆಟ್ಟಗಾಗ್ತದ. ಆದ್ರ ಕಾಗೆಬಂಗಾರನೂ ಹಂಗೇ. ಉರಿಗಿ ಹಿಡದ್ರ ಉರಿ ಕಡುಗೆಂಪಾಗ್ತದ, ಅದು ಲಿಥಿಯಂ ಗುರುತು. ನಾ ಖರೇದು ಎಂದೂ ಕಣ್ಣಿಲೆ ನೋಡಿಲ್ರಿ, ಪುಸ್ತಕದಾಗಿಂದು ಹೇಳಾಕತ್ತೇನಿ. ಇದನ್ನ ಸುಡಾಕ ಮನಸಾಗಲಿಲ್ಲ... ನಮ್ಮಣ್ಣ ಬಿಟ್ಟುಹೋಗಿದ್ದು ಇದೊಂದೇ."

ಅವಳು ಅಳಲಿಲ್ಲ. ಅಳುವವರ ಕೆಲಸ ನಾನು ಕೈಗೆತ್ತಿಕೊಳ್ಳುವುದೂ ಕಡಿಮೆ.

ಶುಕ್ರವಾರ ಸುರಪುರಕ್ಕೆ ಹೋದೆ. ಊರ್ಜಾಗಿರಿ ಮಿನರಲ್ಸ್ ಅಂತ ಬೋರ್ಡು. ಗಾಜಿನ ಬಾಗಿಲು, ಎಸಿ. ಒಳಗೆ ಧರ್ಮರಾಜ. ಎಲ್ಲಿಂದಲೋ ಬಂದವನು. ಬಿಳೀ ಪ್ಯಾಂಟು, ಬಿಳೀ ಶೂ. ಈ ಎರೆಮಣ್ಣಿನ ಸೀಮೆಯಲ್ಲಿ ಬಿಳೀ ಶೂ ಹಾಕಿಕೊಂಡು ಗಣಿ ಮಾಡುತ್ತೇನೆ ಎನ್ನುವವನನ್ನು ನಂಬುವುದಕ್ಕೂ ಒಂದು ಯೋಗ್ಯತೆ ಬೇಕು! ಆದರೆ ಯಾದಗಿರಿಯ ದೊಡ್ಡ ಮನುಷ್ಯರು ನಂಬಿದ್ದರು. ಡಾಕ್ಟರು, ಕಾಂಟ್ರಾಕ್ಟರು, ರಿಟೈರಾದ ಸಾಹೇಬರು. ಸಾಲಿನಲ್ಲಿ ನಿಂತು ನಂಬಿದ್ದರು!

ನಾನು ರೇಷ್ಮೆ ಸೀರೆ ಉಟ್ಟು, ಗುಡ್ಡದಲ್ಲಿ ಪಾಲು ಕೇಳುವ ಸಾಹುಕಾರ್ತಿಯಾಗಿದ್ದೆ.

"ಬನ್ನಿ ಮೇಡಂ, ನೋಡಿ."

ಸ್ಪಿರಿಟ್ ದೀಪ ಹೊತ್ತಿಸಿದ. ಮೇಜಿನ ಮೇಲಿನ ನೇರಳೆ ಕಲ್ಲಿನಿಂದ ಒಂದು ಚೂರು ಎಬ್ಬಿಸಿ ಚಿಮಟದಲ್ಲಿ ಹಿಡಿದ. ಉರಿ ಕಡುಗೆಂಪಾಯಿತು. ದಾಳಿಂಬೆ ಕಾಳಿನ ಕೆಂಪು!

"ಲಿಥಿಯಂ ಮೇಡಂ! ಇಡೀ ಗುಡ್ಡ ಇದೇ."

"ಇಡೀ ಗುಡ್ಡ?"

"ಇಡೀ ಗುಡ್ಡ! ನಾಳೆ ಮೂರು ಗಂಟೆಗೆ ಎಲ್ಲರನ್ನೂ ಕರ್ಕೊಂಡು ಹೋಗ್ತಿದ್ದೀನಿ. ನೀವೂ ಬನ್ನಿ. ನಿಮ್ಮ ಕೈಯಾರೆ ಕಲ್ಲು ಎತ್ತಿ ನೋಡಿ."

"ಬುಡದಾಗ ಹನ್ನೊಂದು ಮನಿ ಅದಾವಲ್ರಿ. ಅವರು?"

"ಅವರಿಗೆ ಅರ್ಥ ಮಾಡಿಸಿದ್ದೀವಿ. ಹೆಂಗೂ ಜಾಗ ಹೋಗುತ್ತೆ, ಈಗಲೇ ಹೆಬ್ಬೆಟ್ಟು ಒತ್ತಿದ್ರೆ ಏನಾದ್ರೂ ಸಿಗುತ್ತೆ ಅಂತ. ನಾಳೆ ಒತ್ತುತ್ತಾರೆ."

ಎಷ್ಟು ಸಲೀಸಾಗಿ ಹೇಳಿದ! ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದ ಹಾಗೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ನಾಲಿಗೆ ತುರಿಸಿತು.

"ನಿಮ್ಮ ಆಳು ಒಬ್ಬ ಓಡಿಹೋಗ್ಯಾನಂತಲ್ಲ... ಹುಲಗಪ್ಪ?"

ಅವನ ನಗು ಕರೆಂಟು ಹೋದ ಹಾಗೆ ಹೋಯಿತು. ಒಂದೇ ಕ್ಷಣ. ಆಮೇಲೆ ಮತ್ತೆ ಬಂತು. ಆದರೆ ನಾನು ನೋಡಿಯಾಗಿತ್ತು... ನೋಡಿದೆ ಅಂತ ಅವನೂ ನೋಡಿಯಾಗಿತ್ತು.

ಮರುದಿನ ಬೆಳಿಗ್ಗೆ, ಸುಂದ್ರಮ್ಮ ಕೊಟ್ಟ ಕಲ್ಲನ್ನು ಓಢಣಿಗೆ ಕಟ್ಟಿಕೊಂಡು, ಗುಡ್ಡವನ್ನು ಒಬ್ಬಳೇ ನೋಡಿ ಬರೋಣ ಅಂತ ಹೊರಟೆ. ಕಾಲುವೆ ಏರಿಯ ಮೇಲೆ ಜೀಪು ಬಂತು.

ಈಗ ಗೊತ್ತಾಯಿತಲ್ಲ ನಾನು ಯಾಕೆ ನಕ್ಕೆ ಅಂತ? ಲೆಪಿಡೊಲೈಟಿನ ಬಣ್ಣ ಅದರ ಹುಟ್ಟಿನಲ್ಲೇ ಇರುತ್ತದೆ. ಕೃಷ್ಣೆಯಲ್ಲಿ ನೂರು ವರ್ಷ ನೆನೆಹಾಕಿದರೂ ಹೋಗದು. ನನ್ನ ಗಂಟಿನಲ್ಲಿದ್ದದ್ದು ಅರ್ಧ ಮೈಲಿಗೇ ಬಣ್ಣ ಬಿಟ್ಟಿತ್ತು. ಮಾಮೂಲಿ ಕಾಗೆಬಂಗಾರಕ್ಕೆ ಬಣ್ಣ ಹಚ್ಚಿ ಗುಡ್ಡದ ತುಂಬ ಹರವಿದ್ದರು! ಆಫೀಸಿನ ಮೇಜಿನ ಮೇಲಿದ್ದದ್ದು ಮಾತ್ರ ಅಸಲಿ, ಎಲ್ಲಿಂದಲೋ ಕೊಂಡು ತಂದದ್ದು. ಮಳೆಗಾಲದೊಳಗೆ ಗುಡ್ಡ ಮಾರಿ ಮುಗಿಸಬೇಕು. ಮೊದಲ ಮಳೆಗೆ ಗುಡ್ಡ ಬೆಳ್ಳಗಾಗುತ್ತಿತ್ತು.

ಧರ್ಮರಾಜನನ್ನು ಬುದ್ಧಿವಂತ ಅಂದುಕೊಂಡಿದ್ದೆ. ನನ್ನನ್ನು ನೀರಿಗೆ ಹಾಕದೆ ಇದ್ದಿದ್ದರೆ ನನಗೆ ಇದು ತಿಳಿಯುತ್ತಲೇ ಇರಲಿಲ್ಲ!

ಅಟೋ ಹಿಡಿದು ಶಹಾಪುರದ ಬಜಾರಿಗೆ ಹೋದೆ. ಅಷ್ಟೊಂದು ಬಣ್ಣ ಒಂದೇ ಕಡೆ ಸಿಗಬೇಕೆಂದರೆ ಶಿವಬಸಮ್ಮನ ಅಂಗಡಿ. ನೂಲಿನ ಬಣ್ಣ, ರಂಗೋಲಿ, ಹೋಳಿಯ ಬಣ್ಣ... ಮೂವತ್ತು ವರ್ಷದಿಂದ ಆ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು. ನಾನು ಕಾನ್‌ಸ್ಟೇಬಲ್ ಆಗಿದ್ದಾಗಿನಿಂದ ಪರಿಚಯ.

"ಏನವ್ವ ಮದೀನಾ, ಹೋಳಿ ಬರೋಕಿಂತ ಮೊದಲೇ ಆಡಿ ಬಂದೀಯಲ್ಲ?"

"ಈ ಬಣ್ಣ ಯಾರು ಒಯ್ತಾರ, ಶಿವಬಸಮ್ಮಾ?"

ಓಢಣಿಯ ತುದಿ ಬೆರಳಲ್ಲಿ ಉಜ್ಜಿ ನೋಡಿದಳು. ಮೂಸಿದಳು.

"ನಂದೇ ಮಾಲು. ಅಂಟು ಕಲಸ್ಯಾರ. ದೀಪಾವಳಿಯಿಂದ ಡಬ್ಬಿಗಟ್ಟಲೆ ಒಯ್ಯಾಕತ್ತಾರ. ದಪ್ಪ ಮೀಸಿಯಾಂವ ಒಬ್ಬ. ಸೀರಿ ಬಣ್ಣ ಮಾಡ್ತೀವಿ ಅಂತ ಹೇಳಿದ. ಅಂವನ ಮಾರಿ ನೋಡಿದ್ರ ಸೀರಿ ಹ್ಯಾಂಗ ಹಿಡೀಬೇಕಂತ ಗೊತ್ತಿಲ್ಲ!"

"ಎಲ್ಲಿಗಿ ಕಳಸ್ತಿ?"

"ಭೀಮರಾಯನಗುಡಿ ದಾರಿಯಾಗ ಮುಚ್ಚಿದ ಜಿನ್ನಿಂಗ್ ಮಿಲ್ಲು ಅದಲ್ಲ, ಅಲ್ಲಿಗಿ. ನಿನ್ನೆನೂ ಎರಡು ಡಬ್ಬಿ ಹೋಗ್ಯಾವ."

ನಿನ್ನೆಯೂ! ಬಣ್ಣದ ಕಲ್ಲು ಸಿಕ್ಕಿದ್ದು ಹುಲಗಪ್ಪನ ಕಿಸೆಯಲ್ಲಿ; ಹಾಗಾದರೆ ಬಣ್ಣ ಹಚ್ಚುವವನು ಅವನೇ, ಇನ್ನೂ ಜೀವಂತ ಇದ್ದಾನೆ. ಮೂರು ಗಂಟೆಗೆ ಗುಡ್ಡ ಮಾರಿ ಮುಗಿಯುವ ತನಕ.

ನನ್ನ ಫೋನು ಕಾಲುವೆಯ ತಳದಲ್ಲಿತ್ತು. ಶಿವಬಸಮ್ಮನ ಫೋನಿನಿಂದ ಠಾಣೆಗೆ ಮಿಲ್ಲಿನ ಸುದ್ದಿ, ಮೂರು ಗಂಟೆಯ ಗುಡ್ಡದ ಸುದ್ದಿ ಎರಡನ್ನೂ ಹೇಳಿದೆ. ಮಂದಿ ಹೊರಡಿಸುತ್ತೇವೆ ಅಂದರು. ಕಾಯುವುದು ನನಗೆ ಬಾರದು.

ಮಿಲ್ಲಿನ ಹಿಂಬದಿಯ ತಗಡು ಕಿತ್ತಿತ್ತು. ನುಸುಳಿದೆ. ನಡುಮಧ್ಯಾಹ್ನ. ಒಳಗೆ ಹಳೇ ಹತ್ತಿಯ ಧೂಳು, ಅಂಟಿನ ನಾತ. ನೆಲದ ತುಂಬ ನೇರಳೆ ಕಲ್ಲುಗಳನ್ನು ಹಪ್ಪಳದಂತೆ ಒಣಹಾಕಿದ್ದರು. ಮೂಲೆಯಲ್ಲಿ ಒಬ್ಬ ಮನುಷ್ಯ. ಕಾಲಿಗೆ ಸರಪಳಿ. ಮೊಣಕೈಯ ತನಕ ಎರಡೂ ಕೈ ನೇರಳೆ!

"ಹುಲಗಪ್ಪ?"

ತಲೆ ಎತ್ತಿದ. ತುಟಿ ಒಡೆದಿತ್ತು.

"ಸುಂದ್ರಿ ಕಳಿಸ್ಯಾಳೇನ್ರಿ?"

"ಹೌದು. ನೀ ಯಾವಾಗಿಂದ ಈ ಸುಣ್ಣಬಣ್ಣದ ಕೆಲಸ ಮಾಡಾಕತ್ತೀದಿ?"

"ನಾಕು ತಿಂಗಳಾತ್ರಿ. ಹಚ್ಚು ಅಂದ್ರು, ಕೈಗವಸು ಹಾಕ್ಕೊಂಡು ಹಚ್ಚಿದೆ; ಇಲ್ಲಿ ಕಟ್ಟಿಹಾಕಿದ ಮ್ಯಾಲ ಅದೂ ಕೊಡಲಿಲ್ಲ. ದೊಡ್ಡ ಮಂದಿ ದೊಡ್ಡ ಮಂದಿಗಿ ಮೋಸ ಮಾಡ್ತಾರ, ನಂಗೇನು ಅಂದುಕೊಂಡೆ. ಆಮ್ಯಾಲ ನಮ್ಮ ಓಣಿ ಮನಿಗಳ ಕಾಗದ ತಂದ್ರು... ಬ್ಯಾಡ ಅಂದೆ. ಎಲ್ಲರಿಗೂ ಹೇಳ್ತೇನಿ ಅಂದೆ."

"ಅವರಿಗೇ ಹೇಳಿದೆ?"

"ಹೂಂ ರೀ."

"ಭೇಷ್! ಕಳ್ಳನ ಮುಂದ ನಿಂತು ಪೊಲೀಸರಿಗಿ ಹೇಳ್ತೀನಿ ಅಂದ್ಯಲ್ಲ, ನಿನ್ನಂಥ ಜಾಣ ಜಿಲ್ಲಾದಾಗ ಇಲ್ಲ!"

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು.

ಮೀಸೆ!

ನನ್ನನ್ನು ನೋಡಿದ. ಬಾಯಿ ತೆರೆಯಿತು. ಮುಚ್ಚಲಿಲ್ಲ.

"ನೀ... ನೀ ಸತ್ತಿದ್ಯಲ್ಲ!"

"ನೀರು ಭಾಳ ತಂಪಿದ್ದವು. ಎದ್ದು ಬಂದೆ."

ಸೊಂಟದಿಂದ ಕುಡುಗೋಲು ಎಳೆದ. ನನ್ನ ಕಾಲ ಬಳಿ ಕಲಸಿಟ್ಟ ಬಣ್ಣದ ಬಕೆಟ್ ಇತ್ತು. ಎತ್ತಿ ಮುಖಕ್ಕೇ ಎರಚಿದೆ. ಕಣ್ಣು, ಮೂಗು, ಮೀಸೆ... ಎಲ್ಲ ನೇರಳೆ! ಕುರುಡನಂತೆ ಕುಡುಗೋಲು ಬೀಸಿದ. ಗಾಳಿ ಕೊಯ್ದ. ಮತ್ತೆ ಬೀಸಿದ. ನನ್ನ ಎಡತೋಳು ಕೊಯ್ದ! ಬಿಸಿ ರಕ್ತ ಬೆರಳಿನ ತನಕ ಇಳಿಯಿತು. ಹತ್ತಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಗೋಡೆಗೆ ಒರಗಿತ್ತು. ಎತ್ತಿಕೊಂಡೆ. ಮೊಣಕಾಲಿಗೆ ಒಂದು. ಬಿದ್ದ ಮೇಲೆ ಕೈಗೆ ಒಂದು. ಕುಡುಗೋಲು ಠಣ್ ಅಂತ ದೂರ ಹೋಯಿತು.

"ಯವ್ವಾ... ಬಿಡ್ರಿ ಯವ್ವಾ!"

ಮುದುಕಿ ಹೋಗಿ ಯವ್ವ ಆಗಿದ್ದೆ. ಬಡ್ತಿ!

ಅವನ ಕಿಸೆಯಿಂದ ಚಾವಿ ತೆಗೆದು ಹುಲಗಪ್ಪನ ಸರಪಳಿ ಬಿಚ್ಚಿದೆ. ಅದನ್ನೇ ಮೀಸೆಯ ಕಾಲಿಗೆ ಹಾಕಿದೆ. ತೋಳಿಗೆ ಓಢಣಿ ಬಿಗಿದೆ. ಎರಡು ಗಂಟೆ ಹತ್ತು ನಿಮಿಷ. ಗುಡ್ಡಕ್ಕೆ ಇನ್ನೂ ಹದಿನೈದು ಮೈಲಿ.

ಮಿಲ್ಲಿನ ಮುಂದಿನ ಮೋರಿಯ ಹತ್ತಿರ ಒಂದು ಟ್ಯಾಂಕರ್ ಪೈಪು ಇಳಿಬಿಟ್ಟು ಕಾಲುವೆ ನೀರು ತುಂಬಿಕೊಳ್ಳುತ್ತಿತ್ತು. ಡ್ರೈವರ್ ಯಂಕಣ್ಣ. ರಸ್ತೆ ಕೆಲಸಕ್ಕೆ ನೀರು ಹೊಡೆಯುವವನು.

"ಗಾಡಿ ತಿರುವು. ವನದುರ್ಗದ ಕಡಿ."

"ಯಾರ್ರಿ ನೀವು? ತೋಳಿನಾಗ ರಕ್ತ..."

"ರಕ್ತ ನಂದು, ಗಾಡಿ ನಿಂದು. ಈ ಹುಲಗಪ್ಪನ ಕೈ ನೋಡು. ದಾರ್ಯಾಗ ಎಲ್ಲಾ ಹೇಳ್ತಾನ. ನಡಿ!"

ಯಂಕಣ್ಣ ಆ ಕೈ ನೋಡಿದ. ನನ್ನ ಕೊಕ್ಕೆ ನೋಡಿದ. ಪೈಪು ಮೇಲೆಳೆದು ಗಾಡಿ ಹತ್ತಿದ.

ಮೂರು ಗಂಟೆಗೆ ಗುಡ್ಡದ ಬುಡದಲ್ಲಿ ಜಾತ್ರೆಯೇ ನೆರೆದಿತ್ತು. ಶಾಮಿಯಾನ, ತಂಪು ಪಾನೀಯ, ಹದಿನೈದು ಕಾರು. ದೊಡ್ಡ ಮನುಷ್ಯರು ಟೋಪಿ ಹಾಕಿಕೊಂಡು ನೇರಳೆ ಕಲ್ಲು ಎತ್ತಿ ಎತ್ತಿ ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಒಬ್ಬ ಡಾಕ್ಟರಂತೂ ಕಲ್ಲಿಗೆ ಮುತ್ತಿಟ್ಟ! ತುಟಿಗೆ ಬಣ್ಣ ಹತ್ತಿದ್ದು ಅವನಿಗೇ ಗೊತ್ತಿಲ್ಲ.

ಒಂದು ಪಕ್ಕ ನೆಲದ ಮೇಲೆ ಹನ್ನೊಂದು ಮನೆಯವರು ಕೂತಿದ್ದರು. ಅವರ ಮುಂದೆ ಕಾಗದ, ಶಾಯಿಯ ಪ್ಯಾಡು. ಮುದುಕಿ ದೇವಕಮ್ಮನ ಹೆಬ್ಬೆಟ್ಟು ಒಬ್ಬ ಹಿಡಿದು ಎಳೆಯುತ್ತಿದ್ದ. ಸುಂದ್ರಮ್ಮ ಕಾಗದದ ಮೇಲೆ ಅಂಗೈ ಊರಿ ಕೂತುಬಿಟ್ಟಿದ್ದಳು.

"ಅಕ್ಕೋರೆ, ಎದ್ದೇಳ್ರಿ!"

"ಏಳಂಗಿಲ್ಲ! ನಮ್ಮಣ್ಣ ಎಲ್ಲಿ ಅಂತ ಹೇಳ್ರಿ, ಏಳ್ತೇನಿ!"

ನಾನು ಟ್ಯಾಂಕರಿನ ಮೇಲೆ ನಿಂತು ಕೂಗಿದೆ.

"ಇಲ್ಲಿದಾನವ್ವ ನಿಮ್ಮಣ್ಣ!"

ಎಲ್ಲರೂ ತಿರುಗಿದರು. ಧರ್ಮರಾಜನ ಮುಖ... ನೋಡಬೇಕಿತ್ತು ನೀವು! ಬಿಳೀ ಶೂಗಿಂತ ಬಿಳಿ.

"ಯಂಕಣ್ಣಾ, ಬಿಡು ನೀರು!"

ಪಂಪು ಗುಡುಗಿತು. ನೀರು ಹಾರಿ ಗುಡ್ಡದ ಮೇಲೆ ಬಿತ್ತು. ನೇರಳೆ ಬಂಡೆ, ನೇರಳೆ ಪುಡಿ, ನೇರಳೆ ಇಳಿಜಾರು... ಎಲ್ಲ ಕರಗಿ ಕೆಳಗೆ ಹರಿಯಿತು. ಶಾಮಿಯಾನದ ಜಮಖಾನ ನೇರಳೆಯಾಯಿತು. ದೊಡ್ಡ ಮನುಷ್ಯರ ಪಾದಗಳು ನೇರಳೆಯಾದವು. ಮೇಲೆ ಉಳಿದದ್ದು ನಾನು ಉಡಿಯಲ್ಲಿ ಆರಿಸುತ್ತಿದ್ದ ಅದೇ ಬೆಳ್ಳನೆಯ ಕಾಗೆಬಂಗಾರ.

ಕಲ್ಲಿಗೆ ಮುತ್ತಿಟ್ಟ ಡಾಕ್ಟರು ಅಂಗೈಯಿಂದ ತುಟಿ ಒರೆಸಿಕೊಂಡ.

ಹುಲಗಪ್ಪ ಇಳಿದು ಎರಡೂ ಕೈ ಎತ್ತಿ ತೋರಿಸಿದ.

"ನಾನೇ ಹಚ್ಚಿದ್ದು! ಎಲ್ಲಾ ನಾನೇ ಹಚ್ಚಿದ್ದು!"

ಸುಂದ್ರಮ್ಮ ಎದ್ದು ಬಂದಳು. ಅಣ್ಣನ ಕೆನ್ನೆಗೆ ಫಟಾರ್ ಅಂತ ಒಂದು ಬಿಟ್ಟಳು. ಆಮೇಲೆ ಆ ನೇರಳೆ ಕೈಗಳನ್ನು ಹಿಡಿದುಕೊಂಡು, ಗುರುವಾರದಿಂದ ತಡೆದಿಟ್ಟದ್ದನ್ನೆಲ್ಲ ಅತ್ತಳು. ನಾನು ಬೇರೆ ಕಡೆ ನೋಡಿದೆ. ಕಣ್ಣಿಗೆ ಪಂಪಿನ ನೀರು ಸಿಡಿದಿತ್ತು... ಅಂತ ಬರೆದುಕೊಳ್ಳಿ.

ಆಗ ಕಾರು ಸ್ಟಾರ್ಟ್ ಆದ ಸದ್ದು!

ಧರ್ಮರಾಜ!

"ಯಂಕಣ್ಣಾ, ಹಿಡಿ ಅವನ್ನ!"

ಟ್ಯಾಂಕರ್ ಗರ್ಜಿಸಿತು. ಮುಂದೆ ಅವನ ಬಿಳೀ ಕಾರು, ಹಿಂದೆ ನಾವು, ಧೂಳೇ ಧೂಳು. ಬಂಡಿದಾರಿ ಮುಗಿದು ಕಾಲುವೆ ಏರಿ ಬಂತು. ಎದುರಿಗೆ ಠಾಣೆಯ ಜೀಪು! ನಿಧಾನ ಮಾಡಿದ್ದರೆ ಸಿಕ್ಕಿಬೀಳುತ್ತಿದ್ದ. ಮಾಡಲಿಲ್ಲ. ಸ್ಟೀರಿಂಗು ಪಕ್ಕಕ್ಕೆ ಎಳೆದ. ಕಾರು ಏರಿಯಿಂದ ಹಾರಿ ಭತ್ತದ ಗದ್ದೆಗೆ ಬಿತ್ತು. ನೀರು ನಿಲ್ಲಿಸಿದ ಎರೆಮಣ್ಣು. ಬಾಗಿಲಿನ ತನಕ ಹೂತಿತು.

ಇಳಿದು ಓಡಿದ. ಒಂದು ಹೆಜ್ಜೆ... ಎರಡು... ಮೂರನೆಯದಕ್ಕೆ ಒಂದು ಶೂ ಕೆಸರಲ್ಲಿ ಉಳಿಯಿತು. ನಾಲ್ಕನೆಯದಕ್ಕೆ ಅವನೇ ಉಳಿದ. ತೊಡೆಯ ತನಕ.

ನಾನು ಬದುವಿನ ಮೇಲೆ ಕೂತು ಉಸಿರು ತೆಗೆದುಕೊಂಡೆ. ಅವಸರವೇನಿತ್ತು?

"ಮೇಡಂ... ಮೇಡಂ, ಮಾತಾಡೋಣ. ಅರ್ಧ ಪಾಲು! ನಿಮಗೆ ಅರ್ಧ ಪಾಲು!"

"ಯಾತರದ್ದು? ಬಣ್ಣದ್ದಾ?"

ಅಷ್ಟರಲ್ಲಿ ಪೊಲೀಸರು ಗದ್ದೆಗೆ ಹಗ್ಗ ಎಸೆದರು. ಕಳ್ಳನನ್ನು ಹಗ್ಗ ಕಟ್ಟಿ ಹೊರಗೆ ಎಳೆದು ಬಂಧಿಸಿದ್ದು ನನ್ನ ಸರ್ವಿಸ್ಸಿನಲ್ಲೂ ನೋಡಿರಲಿಲ್ಲ.

ಹುಲಗಪ್ಪ ಮೊದಲ ಸಾಕ್ಷಿಯಾದ. ಅವನ ಕೈಯ ಬಣ್ಣ ಬಿಡಲು ಹದಿನೆಂಟು ದಿನ ಹಿಡಿಯಿತಂತೆ. ಹನ್ನೊಂದು ಮನೆಗಳ ಕಾಗದವನ್ನು ಸುಂದ್ರಮ್ಮನೇ ಒಲೆಗೆ ಹಾಕಿದಳು. ನನ್ನ ತೋಳಿಗೆ ಒಂಬತ್ತು ಹೊಲಿಗೆ ಬಿದ್ದವು.

ಇದಾಗಿ ಹದಿನೈದು ದಿನಕ್ಕೆ ನನ್ನ ಕೋಣೆಯ ಬಾಗಿಲು ಯಾರೋ ತಟ್ಟಿದರು. ಆ ದಿನ ಶಾಮಿಯಾನದಲ್ಲಿದ್ದ ಕಾಂಟ್ರಾಕ್ಟರು. ಬಂದು, ಕೂತು, ಕೈ ಹೊಸಕಿದ.

ಕೃತಜ್ಞತೆ ಹೇಳಲು ಬಂದಿರಬೇಕು ಅಂದುಕೊಂಡೆ. ನಾನೂ ಮನುಷ್ಯಳೇ ನೋಡಿ, ಒಮ್ಮೊಮ್ಮೆ ಮೋಸ ಹೋಗುತ್ತೇನೆ.

"ಆಪಾ... ಗುರುಮಠಕಲ್ ಕಡಿ ಇನ್ನೊಂದು ಗುಡ್ಡ ಅದ ಅಂತಾರ್ರಿ. ಕಲ್ಲು ಇನ್ನೂ ಯಾರೂ ನೋಡಿಲ್ಲಂತ. ಬ್ಯಾರೆಯವರು ಬರೂದ್ರೊಳಗ ಸಹಿ ಹಾಕಿಬಿಡ್ಲೇನ್ರಿ?"

ಅವನಂಥವರಿಗೆ ಮೋಸ ಮಾಡಲು ಬಣ್ಣವಾದರೂ ಯಾಕೆ ಬೇಕು... ಗುಡ್ಡವೊಂದಿದ್ದರೆ ಸಾಕು!